ನಾಲ್ಕು ಕೊಳವೆಗಳ ಹೊಳಪು

ಹೋದ ವಾರ ಮಾರುಕಟ್ಟೆಯ ಗೇಟಿನ ಬಳಿ ಹತ್ತಿಯ ಲಾರಿಯೊಂದು ತನ್ನ ಸರದಿಗಾಗಿ ಕಾಯುತ್ತ ನಿಂತಿತ್ತು. ಹೊತ್ತು ಹೋಗದ ಡ್ರೈವರು ಮುಂದಿನ ಬಂಪರಿಗೆ ಹಸಿರು ಪಾಲಿಶ್ ಸಾಬೂನು ತಿಕ್ಕುತ್ತಿದ್ದ. ನಾನು ಪಕ್ಕದಲ್ಲಿ ಹಾದುಹೋಗುವಾಗ ಅದರ ವಾಸನೆ ಬಂತು. ಮೇಣ, ಸೀಮೆಎಣ್ಣೆ, ಬಿಸಿಲಿಗೆ ಕಾದ ಕಬ್ಬಿಣ, ಮೂರೂ ಬೆರೆತ ವಾಸನೆ. ನನ್ನ ಕಂಕುಳಲ್ಲಿ ಹತ್ತಿಯ ಸ್ಯಾಂಪಲ್ಲುಗಳ ಕಟ್ಟು ಇತ್ತು, ಅಂಗಡಿಯಲ್ಲಿ ಅದಕ್ಕಾಗಿ ಕಾಯುತ್ತಿದ್ದರು... ಆದರೂ ನಿಂತೆ. ಕಣ್ಣು ಮುಚ್ಚಿದರೆ ನಮ್ಮ ಓಣಿಯ ನಡುಮಧ್ಯಾಹ್ನ. ಎರಡು ಮನೆಗಳ ತಗಡಿನ ನಡುವೆ ಇಳಿಯುವ ಬಿಸಿಲು, ಆ ಬಿಸಿಲಿನಲ್ಲೊಂದು ಜೀಪು, ಜೀಪಿನ ಪಕ್ಕ ಸ್ಟೂಲಿನ ಮೇಲೆ ಕೂತ ಪಕ್ಕದ ಮನೆಯ ಮಾವ.

ಸಂಬಂಧದಿಂದ ಅವರು ನನಗೆ ಮಾವನಲ್ಲ. ಆಂಧ್ರದ ಗಡಿಯೂರು ಆದವಾನಿಯ ನಮ್ಮ ಓಣಿಯಲ್ಲಿ ಗೋಡೆ ಹಂಚಿಕೊಂಡವರೆಲ್ಲ ಮಾವ, ಅತ್ತೆ, ಪೆದ್ದಮ್ಮ ಆಗಿಬಿಡುತ್ತಾರೆ. ಮಾವ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲುಗಳಲ್ಲಿ ವೆಲ್ಡಿಂಗ್ ಮಾಡಿಕೊಂಡಿದ್ದವರು. ಎತ್ತರದ ಆಳು, ಮೆಲುದನಿ. ನಕ್ಕರೆ ಸದ್ದು ಬರುತ್ತಿರಲಿಲ್ಲ, ಹೆಗಲು ಮಾತ್ರ ಕುಣಿಯುತ್ತಿತ್ತು. ಅವರ ಪಾಲಿನ ಮಾತನ್ನೂ ಅವರ ಹೆಂಡತಿಯೇ ಆಡುತ್ತಿದ್ದರು. ಆಕೆಯನ್ನು ನಾನು ಅತ್ತೆ ಎನ್ನುತ್ತಿದ್ದೆ, ಈಗಲೂ ಎನ್ನುತ್ತೇನೆ.

ಮಾವನ ಬಲಗಣ್ಣು ನಾನು ಶಾಲೆಯಲ್ಲಿದ್ದಾಗಲೇ ಹೋಗಿತ್ತು. ನಾನು ಡಿಗ್ರಿ ಮುಗಿಸಿ ಹತ್ತಿ ವ್ಯಾಪಾರಿಯೊಬ್ಬರ ಸ್ಯಾಂಪಲ್ ಕೋಣೆಯಲ್ಲಿ ಕೆಲಸಕ್ಕೆ ಸೇರಿದ ವರ್ಷ ಎಡಗಣ್ಣೂ ಮಂಜಾಗತೊಡಗಿತು. ಕಣ್ಣಿನೊಳಗಿನ ಒತ್ತಡ ನರವನ್ನು ತಿನ್ನುತ್ತಿದೆ, ಹನಿ ಹಾಕಿಕೊಂಡರೆ ನಿಧಾನವಾದೀತು, ನಿಲ್ಲುವುದಿಲ್ಲ ಎಂದು ಕರ್ನೂಲಿನ ಡಾಕ್ಟರು ಹೇಳಿದ್ದರು. ಮಾವ ಮಿಲ್ಲಿನ ಕೆಲಸ ಬಿಟ್ಟರು. ಆಮೇಲೆ ಅವರಿಗೆ ಉಳಿದದ್ದು ಒಂದೇ ಆಸೆ. ಕಣ್ಣು ಪೂರ್ತಿ ಆರುವುದರೊಳಗೆ ಜೀಪು ಮುಗಿಯಬೇಕು, ಅದನ್ನು ಕಣ್ತುಂಬ ನೋಡಬೇಕು.

ಆ ಜೀಪು ಹಿಂದೊಮ್ಮೆ ಮುಚ್ಚಿಹೋದ ಎಣ್ಣೆ ಮಿಲ್ಲೊಂದರ ಹಿತ್ತಿಲಲ್ಲಿ ಬಿದ್ದಿತ್ತಂತೆ. ಪೆಟ್ರೋಲ್ ಎಂಜಿನ್ನಿನ ಹಳೇ ಜೀಪು. ಮಾವ ಅದನ್ನು ಮನೆಗೆ ತಂದು ಬಿಡುವಿನ ದಿನಗಳಲ್ಲಿ ತಮಗೆ ಬೇಕಾದ ಹಾಗೆ ಕಟ್ಟುತ್ತಿದ್ದರು. ಅಮೆರಿಕದ ಕಡೆ ಹಳೆಯ ಕಾರುಗಳನ್ನು ಬಿಚ್ಚಿ ಎಂಜಿನ್ನು ಹೊರಗೆ ಕಾಣುವಂತೆ ಕಟ್ಟುತ್ತಾರೆ, ಹಾಟ್ ರಾಡ್ ಅನ್ನುತ್ತಾರೆ ಎಂದು ಫೋನಿನಲ್ಲಿ ನೋಡಿದ್ದರು. ಬಾನೆಟ್ಟಿನ ಒಂದು ಪಕ್ಕವನ್ನು ಕತ್ತರಿಸಿ ತೆಗೆದಾಗ ಓಣಿಯವರು, ಇದೇನು ಹೊಟ್ಟೆ ಸೀಳಿದ ಕುರಿಯ ಹಾಗಿದೆ ಎಂದು ನಕ್ಕರು. ಮಾವ ಮೆಲ್ಲಗೆ ಹೇಳಿದರು: "ಎಂಜಿನ್ ಮುಚ್ಚಿಡಾಕ ಅದೇನ್ ತಪ್ಪ ಮಾಡೈತಿ?"

ಎಂಜಿನ್ನಿನಿಂದ ಹೊಗೆ ಹೊರಬರುವ ನಾಲ್ಕು ಬಾಯಿಗಳಿಗೆ ನಾಲ್ಕು ಕೊಳವೆ. ನಾಲ್ಕೂ ಪಕ್ಕದಿಂದ ಹೊರಗೆ ಬಾಗಿ, ಒಂದರ ಬೆನ್ನಿಗೊಂದು ಒರಗಿಕೊಂಡು, ಬಾಗಿಲಿನ ಕೆಳಗೆ ಒಂದಾಗಿ ಹಿಂದಕ್ಕೆ ಹೋಗಬೇಕು. ಅದೇ ಆ ಜೀಪಿನ ಜೀವ. ಕೊಳವೆ ಬಾಗಿಸುವಾಗ ನುಜ್ಜಾಗದಿರಲು ಒಳಗೆ ಮರಳು ತುಂಬುತ್ತಾರೆ. ಮರಳಿನಲ್ಲಿ ತೇವವಿದ್ದರೆ ಕಾಯಿಸಿದಾಗ ಸಿಡಿಯುತ್ತದೆ. ಅದಕ್ಕೆ ಮಾವ ಮಾಧವರಂ ಬಳಿಯ ಹೊಳೆಯಿಂದ ನಯವಾದ ಮರಳು ತರಿಸಿದರು, ಅತ್ತೆ ಅದನ್ನು ದೊಡ್ಡ ಬಾಣಲೆಯಲ್ಲಿ ಹುರಿದರು. ಸೌಟು ತಿರುವುತ್ತ ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದರು: "ಊರ ಹೆಣ್ಮಕ್ಕಳು ಶೇಂಗಾ ಹುರೀತಾರ. ನನ್ನ ಹಣೇಬಾರ ನೋಡ್ರಿ, ಹೊಳಿ ಉಸುಕು ಹುರಿಯಾಕತ್ತೀನಿ. ಉಪ್ಪು ಖಾರ ಹಾಕ್ಲ್ಯಾ, ಹಂಗ ತಿಂತೀರೋ?"

ಮಾವನ ಹೆಗಲು ಕುಣಿಯಿತು.

ಕೊಳವೆಗಳು ಬಾಗಿದವು. ಬೆಸುಗೆಯನ್ನು ಮಾವ ಹೆಚ್ಚುಕಡಿಮೆ ಬೆರಳಿನಿಂದಲೇ ನೋಡಿ ಮುಗಿಸಿದರು. ಇನ್ನು ಉಳಿದದ್ದು ಹೊಳಪು. ಬರಿಯ ಕಬ್ಬಿಣ ಎರಡು ಮಳೆಗೆ ಕೆಂಪಾಗುತ್ತದೆ. ಅದರ ಮೇಲೆ ಏನು ಹಾಕಿಸಬೇಕು?

ಇಲ್ಲಿಂದ ನನ್ನ ಕೆಲಸ ಶುರುವಾಯಿತು. ನನಗೆ ದಿನಚರಿ ಬರೆಯುವ ಅಭ್ಯಾಸ. ಭಾವನೆಗಳನ್ನು ಬರೆಯುವುದು ಕಡಿಮೆ. ವಾರ, ತಿಥಿ, ಬಿಸಿಲು, ಯಾರು ಬಂದರು, ಏನು ಹೇಳಿದರು, ಇಷ್ಟೇ. ಅದಕ್ಕೇ ಮಾವ ನನ್ನನ್ನು "ಲೆಕ್ಕದ ಪಾಪ" ಎಂದು ಕರೆಯುತ್ತಿದ್ದರು. ನಮ್ಮ ಕಡೆ ಹುಡುಗಿಯರು ದೊಡ್ಡವರಾದರೂ ಪಾಪಗಳೇ. ಒಂದು ಸಂಜೆ ಗೋಡೆಯ ಆಚೆಯಿಂದ ಕರೆದರು. "ಲೆಕ್ಕದ ಪಾಪಾ, ನನಗೊಂದು ಲೆಕ್ಕ ಇಟ್ಟುಕೊಡು. ಯಾವ ಹೊಳಪು ಬೆಂಕಿಗೆ ನಿಲ್ತೈತಿ, ಯಾವುದು ನಿಲ್ಲಂಗಿಲ್ಲ, ಬರಕೋ."

ಅದೇ ಕೊಳವೆಯ ಉಳಿದ ತುಂಡುಗಳನ್ನು ಕತ್ತರಿಸಿದೆವು. ಒಂದು ಬಗೆಯದು ಬರಿಯ ಕಬ್ಬಿಣವನ್ನೇ ಉಜ್ಜಿ ಮಿರುಗಿಸಿದ್ದು. ಇನ್ನೊಂದಕ್ಕೆ ನಮ್ಮೂರಲ್ಲೇ ಬಸ್ಸುಗಳಿಗೆ ಬಳಿಯುವ, ಬಿಸಿ ತಡೆಯುವ ಬೆಳ್ಳಿ ಬಣ್ಣ. ಮೂರನೆಯದು ಹೈದರಾಬಾದಿಗೆ ಪಾರ್ಸಲ್ ಕಳಿಸಿ ತರಿಸಿದ ಸೆರಾಮಿಕ್ ಲೇಪ. ನಾಲ್ಕನೆಯದು ಬಳ್ಳಾರಿಯಲ್ಲಿ ಹಾಕಿಸಿದ ಕ್ರೋಮ್. ಪ್ರತಿಯೊಂದರಲ್ಲೂ ಎರಡೆರಡು ಮಾಡಿಸಿದ್ದೆ, ಒಂದು ಸುಡುವುದಕ್ಕೆ, ಇನ್ನೊಂದು ಹೋಲಿಸುವುದಕ್ಕೆ. ಎಂಜಿನ್ನಿನ ಹಳೆಯ ಹೊಗೆಪೆಟ್ಟಿಗೆಯನ್ನು ಇನ್ನೂ ಬಿಚ್ಚಿರಲಿಲ್ಲ. ಅದರ ಬಾಯಿಗೆ ಒಂದೊಂದೇ ತುಂಡು ಸಿಕ್ಕಿಸಿ ಎಂಜಿನ್ನು ಓಡಿಸುತ್ತಿದ್ದೆವು. ಅದು ಕೆಮ್ಮುತ್ತ, ಉಗುಳುತ್ತ ಓಡುತ್ತಿತ್ತು. ನಾನು ಬಾಗಿ ನೋಡಿ ಬರೆದುಕೊಳ್ಳುತ್ತಿದ್ದೆ.

ಉಜ್ಜಿದ ಕಬ್ಬಿಣ ಮೊದಲ ದಿನವೇ ಕಂದಿತು. ಬೆಳ್ಳಿ ಬಣ್ಣ ಕೆಲವು ದಿನ ತಡೆದು ಬೂದಿಯಾಯಿತು. ಕ್ರೋಮ್ ಮೊದಲು ಜೋಳದ ದಂಟಿನ ಬಣ್ಣಕ್ಕೆ ತಿರುಗಿ, ಆಮೇಲೆ ನೇರಳೆಯಾಗಿ, ನೀಲಿಯಾಗಿ, ಅಂಚಿನಲ್ಲಿ ಸಣ್ಣಗೆ ಬಿರಿಯಿತು. ಸೆರಾಮಿಕ್ ಮಾತ್ರ ಮೊದಲ ದಿನ ಹೇಗಿತ್ತೋ ಕೊನೆಯ ದಿನವೂ ಹಾಗೇ ಇತ್ತು. ಬಿಸಿಯನ್ನು ಒಳಗೇ ಹಿಡಿದುಕೊಳ್ಳುವುದರಿಂದ ಹೊರಮೈ ಅಷ್ಟು ಸುಡುತ್ತಲೂ ಇರಲಿಲ್ಲ. ಅತ್ತೆಗೆ ಅದೇ ದೊಡ್ಡ ಸಮಾಧಾನ. ಹತ್ತಿಯ ಸುಗ್ಗಿಯಲ್ಲಿ ನಮ್ಮ ಊರಿನ ಗಾಳಿಯಲ್ಲೆಲ್ಲ ಅರಳೆ ತೇಲುತ್ತದೆ. ಕೆಂಡದಂಥ ಕೊಳವೆಯನ್ನು ಹೊರಗೆ ಬಿಟ್ಟುಕೊಂಡು ಹತ್ತಿ ಗಾಡಿಗಳ ನಡುವೆ ಹೋಗುವುದೆಂದರೆ ಯಾರಿಗಾದರೂ ಭಯವೇ.

ಹತ್ತಿಯನ್ನು ನೋಡಲು ನಮ್ಮ ಊರಲ್ಲೊಂದು ಕ್ರಮವಿದೆ. ಸ್ಯಾಂಪಲ್ ಕೋಣೆಯ ಕಿಟಕಿ ಉತ್ತರಕ್ಕೇ ಇರಬೇಕು. ಬಿಸಿಲು ನೇರ ಬೀಳದ ಆ ತಣ್ಣನೆಯ ಬೆಳಕಿನಲ್ಲಿ ಅರಳೆಯನ್ನು ಎಳೆದು ಹಿಡಿದರೆ ಮಾತ್ರ ಅದರ ನಿಜವಾದ ಬಿಳುಪು ಕಾಣುತ್ತದೆ. ಬಿಸಿಲು ಎಲ್ಲ ಹತ್ತಿಯನ್ನೂ ಹೊಗಳುತ್ತದೆ, ಅದರ ಮಾತು ನಂಬಬೇಡ ಎಂದು ಅಂಗಡಿಯ ಹಿರಿಯರು ನನಗೆ ಮೊದಲ ದಿನವೇ ಹೇಳಿದ್ದರು. ನಾನು ಸುಡದ ನಾಲ್ಕು ತುಂಡುಗಳನ್ನು ಆ ಕಿಟಕಿಗೆ ಒಯ್ದು ಸಾಲಾಗಿ ಇಟ್ಟು ನೋಡಿದೆ. ಕ್ರೋಮ್ ತನ್ನದೇನೂ ಇಲ್ಲದೆ ಕೋಣೆಯನ್ನಷ್ಟೇ ತೋರಿಸುತ್ತಿತ್ತು. ಸೆರಾಮಿಕ್ ಮೇಲೆ ಮಾತ್ರ ಬೆಳಕು ಕೆನೆಯ ಹಾಗೆ ಕೂತಿತ್ತು. ಅಷ್ಟು ಚೆಂದದ ವಸ್ತುವನ್ನು ನಾನು ಆ ಕಿಟಕಿಯಲ್ಲಿ ಮತ್ತೆ ನೋಡಿಲ್ಲ.

ಸಂಜೆ ಹೋಗಿ ಹೇಳಿದೆ. "ಮಾವ, ಅನುಮಾನವೇ ಇಲ್ಲ. ಸೆರಾಮಿಕ್ ಹಾಕಿಸಿರಿ."

"ಹತ್ತಿ ನೋಡೋ ಬೆಳಕು ಬ್ಯಾರೆ ಐತಿ ಪಾಪಾ," ಅಂದರು ಮಾವ. "ನಾಳಿ ಮಧ್ಯಾಹ್ನ ನನ್ನ ಬಿಸಿಲಾಗ ಇಡು, ನೋಡಾಣ."

ಮರುದಿನ ಭಾನುವಾರ. ಬಿಸಿಲು ನೆತ್ತಿಗೆ ಬಂದಾಗ ಸುಣ್ಣ ಬಳಿದ ನಮ್ಮ ನಡುಗೋಡೆಯ ಮೇಲೆ ನಾಲ್ಕು ತುಂಡುಗಳನ್ನು ಮೊಳಕ್ಕೊಂದರಂತೆ ಇಟ್ಟೆ. ಕ್ರೋಮಿನದು ಕೊನೆಯಲ್ಲಿತ್ತು. ಮಾವ ಒಳಗಿನಿಂದ ಬಂದು, ಕೈ ಬೆನ್ನಿಗೆ ಕಟ್ಟಿಕೊಂಡು, ಗೋಡೆಯುದ್ದಕ್ಕೂ ನಡೆದರು. ಮೊದಲನೆಯದನ್ನು ದಾಟಿದರು. ಎರಡನೆಯದನ್ನು ದಾಟಿದರು. ನಾನು ಮೆಚ್ಚಿದ ಮೂರನೆಯದನ್ನೂ ದಾಟಿದರು. ಕ್ರೋಮಿನ ಮುಂದೆ ನಿಂತರು. ಅದರ ಬೆನ್ನ ಮೇಲೆ ಸೂರ್ಯ ಒಂದು ಸಾಸಿವೆಯಷ್ಟಾಗಿ ಕೂತು ಉರಿಯುತ್ತಿತ್ತು.

"ಇದು ಛಲೋ ಐತಿ," ಅಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಉಳಿದವು ತಂದಿಲ್ಲೇನು?"

ಅತ್ತೆ ಬಾಗಿಲಲ್ಲಿ ನಿಂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಅವರ ಬೆರಳು ನಿಂತಿತು. ಸುಣ್ಣದ ಗೋಡೆ, ಅದರ ಮೇಲಿನ ಉಜ್ಜಿದ ಕಬ್ಬಿಣ, ಬೆಳ್ಳಿ ಬಣ್ಣ, ಆ ಕೆನೆಯಂಥ ಲೇಪ, ಮಾವನ ಕಣ್ಣಿಗೆ ಎಲ್ಲವೂ ಒಂದೇ ಬಿಳುಪಾಗಿತ್ತು. ಉರಿಯುವಷ್ಟು ಹೊಳೆಯುವುದು ಮಾತ್ರ ಅವರವರೆಗೆ ಬಂದು ಮುಟ್ಟುತ್ತಿತ್ತು... ನಾನು ಮೂರು ತುಂಡುಗಳನ್ನು ಚೀಲಕ್ಕೆ ಹಾಕಿದೆ. ಅವು ಅಲ್ಲೇ ಇದ್ದವೆಂದು ಲೋಹದ ಸದ್ದು ಕೇಳಿ ಮಾವನಿಗೆ ತಿಳಿಯಿತು.

ಬಳ್ಳಾರಿಯ ಕ್ರೋಮ್ ಅಂಗಡಿಗೆ ಮೂವರೂ ಹೋದೆವು. ಅಂಗಡಿಯ ಮುದುಕ ಕೊಳವೆಗಳನ್ನು ತಿರುಗಿಸಿ ತಿರುಗಿಸಿ ನೋಡಿ, ತನ್ನ ವ್ಯಾಪಾರಕ್ಕೇ ಅಡ್ಡ ನಿಂತ. "ನಕ್ಕೋ ಭಾಯ್, ಬ್ಯಾಡ. ಬಂಪರಿಗೆ ಹಾಕ್ತೀನಿ, ಹ್ಯಾಂಡಲ್ಲಿಗೆ ಹಾಕ್ತೀನಿ. ಇದು ಬೆಂಕಿ ಹೋಗೋ ದಾರಿ. ಒಂದು ಸಲ ಎಂಜಿನ್ ಕಾದ್ರ ನೀಲಾ ಆಗಿಬಿಡ್ತದ. ಆಮ್ಯಾಲೆ ನನ್ನ ಬೈಕೋತೀರಿ."

"ಬೈಯಂಗಿಲ್ಲ, ಹಾಕ್ರಿ," ಅಂದರು ಮಾವ.

ಬಸ್ಸಿನಲ್ಲಿ ಹಾಲಹರವಿ ದಾಟುವವರೆಗೂ ಅತ್ತೆ ಬೈಯುತ್ತಲೇ ಇದ್ದರು. ಕನ್ನಡ ಮುಗಿದಾಗ ತೆಲುಗು, ತೆಲುಗು ಮುಗಿದಾಗ ಮತ್ತೆ ಕನ್ನಡ. "ಮಾರೋನೇ ಬ್ಯಾಡ ಅಂತಾನ. ಈ ಹುಡುಗಿ ಇಷ್ಟ ದಿನ ಹೊಗಿ ಕುಡದು ಬರದಿದ್ದು ಗಂಗ್ಯಾಗ ಹೋತು. ಬಿಸಿ ತಾಗಿದ್ರ ನೀಲಿ ಆಕ್ಕೈತಿ ಅಂತ ಗೊತ್ತೈತಿ ಕದಾ, ಮತ್ತ್ಯಾಕ?"

ಮಾವ ಕಿಟಕಿಯ ಕಡೆಗೆ ಮುಖ ಮಾಡಿಕೊಂಡಿದ್ದರು. ಹೊರಗೆ ಹತ್ತಿ ಬಿಡಿಸಿ ಮುಗಿದ ಒಣ ಹೊಲಗಳು. "ಬಿಸಿ ತಾಗಿದ್ರ ಅಲ್ಲ?" ಅಂದರು.

ಆಗ ನಮ್ಮಿಬ್ಬರಿಗೂ ಅರ್ಥವಾಯಿತು. ಕೊಳವೆಗಳನ್ನು ಜೋಡಿಸುತ್ತಾರೆ. ಎಂಜಿನ್ನು ಮಾತ್ರ ಚಾಲೂ ಮಾಡುವುದಿಲ್ಲ. ಓಡಿದರೆ ಹೊಳಪು ಹೋಗುತ್ತದೆ, ಹೊಳಪು ಬೇಕೆಂದರೆ ಓಡಬಾರದು. ಇಷ್ಟು ವರ್ಷ ಕಟ್ಟಿದ ಎಂಜಿನ್ನು ಆ ನಾಲ್ಕು ಕೊಳವೆಗಳಲ್ಲಿ ಯಾವ ದನಿಯಲ್ಲಿ ಮಾತಾಡುತ್ತದೆಂದು ಕೇಳುವ ಆಸೆ ಅವರಿಗೆ ಇರಲಿಲ್ಲವೇ? ಇತ್ತು. ಎಷ್ಟೋ ಸಲ ಬಾಯಿಂದಲೇ ಆ ದನಿ ಮಾಡಿ ತೋರಿಸಿದ್ದರು. ಆದರೆ ಕೇಳುವುದು ಕಾಯಬಲ್ಲದು, ನೋಡುವುದು ಕಾಯುವಂತಿರಲಿಲ್ಲ.

ಜೋಡಿಸಿದ ದಿನ ಓಣಿಯವರೆಲ್ಲ ಬಂದು ಮುಖ ನೋಡಿಕೊಂಡರು. ಹಲ್ಲು ನೋಡಿಕೊಂಡರು, ಮೀಸೆ ತಿದ್ದಿಕೊಂಡರು. ಆ ಬಾಗಿದ ಕೊಳವೆಗಳಲ್ಲಿ ನಮ್ಮ ಓಣಿ ನಾಲ್ಕು ಸಲ ಹರಿಯುತ್ತಿತ್ತು, ತೆಳ್ಳಗೆ, ಉದ್ದಕ್ಕೆ, ನೀರಿನೊಳಗಿನ ಊರಿನ ಹಾಗೆ. ಬೇವಿನ ಮರ ಸೊಂಟದಲ್ಲಿ ಬಳುಕಿತ್ತು. ಆಕಾಶ ಒಂದು ನೀಲಿ ರಿಬ್ಬನ್ ಆಗಿತ್ತು.

ಆಮೇಲೆ ಪ್ರತಿ ಮಧ್ಯಾಹ್ನ ಅದೇ ದೃಶ್ಯ. ತಗಡುಗಳ ನಡುವಿನಿಂದ ಬಿಸಿಲು ಇಳಿಯುವ ಹೊತ್ತಿಗೆ ಮಾವ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಹಸಿರು ಸಾಬೂನು ತಿಕ್ಕಿ, ಸ್ಯಾಂಪಲ್ ಕೋಣೆಯಿಂದ ನಾನು ತಂದುಕೊಟ್ಟ ನಿರುಪಯೋಗಿ ಅರಳೆಯಿಂದ ಒರೆಸುತ್ತಿದ್ದರು. ಒರೆಸುವುದು ನೆಪ. ಮುಖವನ್ನು ಕೊಳವೆಯ ಹತ್ತಿರ ತಂದು, ಎಡಗಣ್ಣನ್ನು ಒಂದು ಕೋನದಲ್ಲಿ ಹಿಡಿದು, ಒಳಗೆ ಹರಿಯುವ ಓಣಿಯನ್ನು ನೋಡುತ್ತಿದ್ದರು. ನೇರ ನೋಡಿದರೆ ಮಂಜಾಗಿದ್ದ ಲೋಕ ಅಲ್ಲಿ ಬಿಸಿಲು ತುಂಬಿಕೊಂಡು ಸಣ್ಣದಾಗಿ, ಉರಿಯುವಂತೆ ಕಾಣುತ್ತಿತ್ತಂತೆ. ಒಂದು ದಿನ ತಲೆ ಎತ್ತದೆಯೇ ಹೇಳಿದರು: "ಇವತ್ತ ಹಳದಿ ಸೀರಿ ಉಟ್ಟೀಯಲ್ಲ."

ಅವರ ಬೆನ್ನ ಹಿಂದೆ ನಿಂತಿದ್ದ ಅತ್ತೆ ತಮ್ಮ ಸೆರಗನ್ನು ತಾವೇ ನೋಡಿಕೊಂಡರು. ಅದು ಹಳದಿಯೇ. "ಅಬ್ಬಾ, ಕಂಡಿತಲ್ಲ," ಅಂದರು. "ಮದುವಿ ಆದಾಗಿಂದ ನಾ ಏನ್ ಉಟ್ಟೀನಿ ಅಂತ ಒಂದಿನ ನೋಡಿದೋರಲ್ಲ. ನಾ ಪೈಪಿನಾಗ ಬರಬೇಕಾತು ನೋಡು ಪಾಪಾ. ನನ್ನ ಮಾರಿ ಹಿಂಗ ಒಮ್ಮ್ಯಾದ್ರೂ ಒರಸ್ಯಾರೇನ್ ಕೇಳು."

ಮರುದಿನದಿಂದ ಅತ್ತೆ ಬದಲಾದರು. ಬೆಳಗಿನ ಕೆಲಸ ಮುಗಿಸಿ, ಮಧ್ಯಾಹ್ನಕ್ಕೆ ಸರಿಯಾಗಿ ಸೀರೆ ಬದಲಿಸಿ, ಏನಾದರೂ ನೆಪ ಮಾಡಿಕೊಂಡು ಅಂಗಳಕ್ಕೆ ಬರುತ್ತಿದ್ದರು. ಒಂದು ದಿನ ಮೆಣಸಿನಕಾಯಿ ಹರವಲು, ಒಂದು ದಿನ ಬರಿದೇ ಬೆಕ್ಕು ಓಡಿಸಲು. ಪೆಟ್ಟಿಗೆಯ ತಳದಲ್ಲಿದ್ದ ಹಸಿರು, ಗುಲಾಬಿ, ರಾಮಾ ನೀಲಿ ಎಲ್ಲವೂ ಹೊರಬಂದವು. ಮಾವ ಕೊಳವೆಯಲ್ಲಿ ನೋಡಿ ಬಣ್ಣ ಹೇಳುವರು. ಅತ್ತೆ ಹೌದು ಎನ್ನುವರು. ನಾನು ಊಟಕ್ಕೆ ಮನೆಗೆ ಬಂದವಳು ಗೋಡೆಗೆ ಒರಗಿ ನಿಂತು ಅದನ್ನು ನೋಡುತ್ತಿದ್ದೆ. ಆ ತಿಂಗಳುಗಳಲ್ಲಿ ನನ್ನ ದಿನಚರಿಯಲ್ಲಿ ಎರಡು ಕಾಲಮ್ಮುಗಳಿವೆ. ಅತ್ತೆ ಉಟ್ಟದ್ದು, ಮಾವ ಹೇಳಿದ್ದು.

ಜೀಪು ಓಡುವುದು ಯಾವಾಗ ಎಂದು ಜನ ಕೇಳದೆ ಬಿಡಲಿಲ್ಲ. ನಮ್ಮಲ್ಲಿ ಗಾಡಿಗಳಿಗೆ ಅಮಾವಾಸ್ಯೆಯ ದಿನ ಪೂಜೆ. ನಿಂಬೆಹಣ್ಣು ತುಳಿಸದೆ ಹೊಸ ಗಾಡಿ ಹೊರಡುವುದಿಲ್ಲ. ಮಾವನಿಗೆ ಅದೇ ಗುರಾಣಿಯಾಯಿತು. ಎದುರು ಮನೆಯ ಆಟೋದವನು ಪ್ರತಿ ಅಮಾವಾಸ್ಯೆಗೆ ಕೆಣಕುವನು: "ಏನ್ ಮಾವಾ, ನಿನ್ನ ದೇವ್ರು ಗರ್ಭಗುಡಿ ಬಿಟ್ಟು ಹೊರಗ ಬರೋದ್ಯಾವಾಗ? ನನ್ನ ಆಟೋ ನೋಡು, ಮೂರು ಗಾಲಿ ಇದ್ರೂ ಊರೆಲ್ಲ ತಿರುಗ್ತೈತಿ."

"ಈ ಅಮಾಸಿ ಬ್ಯಾಡಪ್ಪ. ನಕ್ಷತ್ರ ಸರಿ ಇಲ್ಲ. ಮುಂದಿನ ಅಮಾಸಿ."

"ನಕ್ಷತ್ರ ನಿಂದೋ, ಜೀಪಿಂದೋ?"

"ಇಬ್ಬರದೂ ಒಂದ," ಎನ್ನುವರು ಮಾವ. ಹೆಗಲು ಕುಣಿಯುವುದು.

ಮಳೆಗಾಲ ಬಂದು ಹೋಯಿತು. ಮೋಡದ ದಿನಗಳಲ್ಲಿ ಎರಡನೆಯ ಕಾಲಮ್ಮು ಖಾಲಿ ಇರುತ್ತಿತ್ತು. ಬಿಸಿಲು ಮರಳಿದಾಗಲೂ ಎರಡೂ ಕಾಲಮ್ಮುಗಳು ಮೊದಲಿನ ಹಾಗೆ ಹೊಂದಲಿಲ್ಲ. ನೀಲಿಗೆ ಕಪ್ಪು ಎಂದರು. ಹಸಿರಿಗೆ, "ಹಳೇ ಸೀರಿ ಅಲ್ಲ ಅದು?" ಎಂದು ಜಾರಿಕೊಂಡರು. ಗುಲಾಬಿ ಒಂದು ದಿನ ಬಿಳಿಯಾಯಿತು. ಅತ್ತೆ ಎಲ್ಲದಕ್ಕೂ ಹೌದು ಎನ್ನುತ್ತಲೇ ಇದ್ದರು. ಕಪ್ಪು ಎಂದಾಗಲೂ ಹೌದು, ಬಿಳಿ ಎಂದಾಗಲೂ ಹೌದು. ಅಷ್ಟು ಜಗಳಗಂಟಿ ಹೆಂಗಸು ಒಂದು ದಿನವಾದರೂ ತಿದ್ದಲಿಲ್ಲ.

ಹಳದಿ ಉಳಿದಿತ್ತು. ಆಮೇಲೆ ಹಳದಿಯೂ...

ಹತ್ತಿಯ ಸುಗ್ಗಿ ಶುರುವಾದ ಮೇಲಿನ ಅಮಾವಾಸ್ಯೆ ಅದು. ಗಾಳಿಯಲ್ಲಿ ಅರಳೆ ಹಾರುತ್ತಿತ್ತು. ಅತ್ತೆ ಬಜಾರಿನಿಂದ ಹೊಸದೊಂದು ಸೀರೆ ತಂದಿದ್ದರು. ನಾನು ಅಷ್ಟು ಕೆಂಪನ್ನು ಮತ್ತೆಲ್ಲೂ ಕಂಡಿಲ್ಲ, ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಉಳಿಯುವಂಥ ಕೆಂಪು. ಅದನ್ನುಟ್ಟು, ಅದರದೇ ಕುಪ್ಪಸ ತೊಟ್ಟು, ನಡುಮಧ್ಯಾಹ್ನ ಅಂಗಳಕ್ಕೆ ಬಂದರು. ಆ ದಿನ ಯಾವ ನೆಪವನ್ನೂ ಮಾಡಲಿಲ್ಲ. ಸುಮ್ಮನೆ ಮಾವನ ಬೆನ್ನ ಹಿಂದೆ, ಬಿಸಿಲಿನಲ್ಲಿ, ನಿಂತರು. ನಾಲ್ಕು ಕೊಳವೆಗಳಲ್ಲೂ ನಾಲ್ಕು ಜ್ವಾಲೆ ಹೊತ್ತಿಕೊಂಡಂತಾಯಿತು. ಗೋಡೆಯ ಬಳಿ ನಿಂತಿದ್ದ ನನಗೂ ಅವು ಕಂಡವು.

ಮಾವ ಅರಳೆಯಿಂದ ಎರಡನೆಯ ಕೊಳವೆಯನ್ನು ಒರೆಸುತ್ತಿದ್ದರು. ಮುಖ ಹತ್ತಿರ ತಂದರು. ಆ ಕೋನ, ಈ ಕೋನ ಹಿಡಿದು ನೋಡಿದರು. ಕೈ ನಿಧಾನವಾಗಿ ಒಂದು ಸಲ ಕೊಳವೆಯುದ್ದಕ್ಕೂ ಹೋಗಿ ಬಂತು. ಅತ್ತೆ ಪಕ್ಕಕ್ಕೆ ಬಾಗಿ ಅವರ ಮುಖವನ್ನೇ ನೋಡುತ್ತಿದ್ದರು. ನಾನೂ.

"ಇವತ್ತ ಬಿಸಿಲು ಬಾಳ ಐತಿ," ಅಂದರು ಮಾವ.

ಬಣ್ಣ ಹೇಳದೆ ಮತ್ತೆ ಒರೆಸತೊಡಗಿದರು.

ಅತ್ತೆ ಒಂದು ಗಳಿಗೆ ನಿಂತಿದ್ದು ಒಳಗೆ ಹೋದರು. ಅಳುತ್ತಾರೇನೋ ಅಂದುಕೊಂಡೆ. ಹೊರಗೆ ಬಂದಾಗ ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಜೀಪಿನ ಚಾವಿ. ಚಾವಿಯನ್ನು ಮಾವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ಏಳ್ರಿ. ಅಮಾಸಿ ಐತಿ. ನಕ್ಷತ್ರ ನಾ ನೋಡೀನಿ, ಛಲೋ ಅದಾವು."

"ಹೊಳಪು ಹೋಕ್ಕೈತಿ," ಅಂದರು ಮಾವ.

"ಹೋಗ್ಲಿ ಬಿಡ್ರಿ. ಎಷ್ಟಂತ ಬಾಯಿಲೇ ಬುರ್ರ್ ಅಂತೀರಿ."

ಮಾವ ಕೈಯಿಂದ ತಡವುತ್ತ ಸುತ್ತಿ ಬಂದು ಸೀಟಿನಲ್ಲಿ ಕೂತರು. ಎಂಜಿನ್ನು ಮೊದಲು ಎರಡು ಸಲ ಗಂಟಲು ಸರಿಮಾಡಿಕೊಂಡಿತು. ಮೂರನೆಯ ಸಲಕ್ಕೆ ಹಿಡಿಯಿತು. ಹಳೆಯ ಕೆಮ್ಮು ಇರಲಿಲ್ಲ. ನಾಲ್ಕು ದನಿಗಳು ಬೇರೆ ಬೇರೆಯಾಗಿ ಹೊರಟು ಬಾಗಿಲಿನ ಕೆಳಗೆ ಒಂದಾಗುತ್ತಿದ್ದವು. ದೂರದಲ್ಲಿ ಎಲ್ಲೋ ಮಿಲ್ಲುಗಳೆಲ್ಲ ಒಟ್ಟಿಗೆ ನಡೆಯುತ್ತಿರುವ ಹಾಗೆ, ನೆಲದೊಳಗಿನಿಂದ ಬರುವ, ಎದೆಗೆ ತಾಗುವ ದನಿ. ಮಾವ ಬಾಯಿಂದ ಮಾಡುತ್ತಿದ್ದ ದನಿಗೆ ಅದು ಹೋಲುತ್ತಿರಲಿಲ್ಲ, ಅದಕ್ಕಿಂತ ಮೃದುವಾಗಿತ್ತು. ತೇಲಿಬಂದ ಅರಳೆಯೊಂದು ಕೊಳವೆಯ ಮೇಲೆ ಇಳಿದು, ಕಿಡಿಯಷ್ಟು ಕೆಂಪಾಗಿ, ಇಲ್ಲವಾಯಿತು.

ಓಣಿ ಹೊರಗೆ ಬಂತು. ಆಟೋದವನು ತನ್ನ ಆಟೋ ಆರಿಸಿ ಕಿವಿಗೊಟ್ಟ.

ಸ್ವಲ್ಪ ಹೊತ್ತಿಗೆ ಬಣ್ಣ ಬರತೊಡಗಿತು. ಎಂಜಿನ್ನಿನ ಬುಡದಿಂದ ಶುರುವಾಗಿ ಬಾಗಿನವರೆಗೆ ನಿಧಾನವಾಗಿ ಹರಿಯಿತು. ಮಾವ ಸೀಟಿನಿಂದಲೇ ಕೇಳಿದರು: "ಲೆಕ್ಕದ ಪಾಪಾ, ಬಣ್ಣ ಬಂತೇನು? ಬರಕೋಬ್ಯಾಡ, ಹೇಳು."

"ಬುಡದಲ್ಲಿ ಜೋಳದ ದಂಟಿನ ಬಣ್ಣ ಬಂದಿದೆ, ಮಾವ."

"ಹಸಿ ದಂಟೋ, ಒಣಗಿದ್ದೋ?"

"ಒಣಗಿದ್ದು. ಅದರ ಮುಂದೆ ಬದನೆಕಾಯಿ."

"ಯಾವ ಬದನಿಕಾಯಿ? ಮುಳಗಾಯಿ ಹಸಿರೂ ಇರ್ತೈತಿ, ಬಿಳಿದೂ ಇರ್ತೈತಿ. ಸರಿಯಾಗಿ ಹೇಳು."

"ನೇರಳೆದು. ಎಣ್ಣೆಗಾಯಿ ಮಾಡುವಂಥದ್ದು. ಅದರಾಚೆಗೆ ನೀಲಿ... ಪಾರಿವಾಳದ ಕುತ್ತಿಗೆಯಲ್ಲಿ ಇರುತ್ತದಲ್ಲ, ಆ ನೀಲಿ. ಕದಲುತ್ತಿದೆ."

"ಹಂಗಾರ ಚಂದ ಐತಿ," ಅಂದರು ಮಾವ. ಅಷ್ಟು ಹೇಳಿ, ಕಾಲನ್ನು ಪೆಡಲಿನ ಮೇಲೆ ಒಮ್ಮೆ ಮೆಲ್ಲಗೆ ಒತ್ತಿದರು. ಕೊಳವೆಗಳು ಮೇಲುದನಿಗೆ ಏರಿ ಇಳಿದವು. ಅವರ ಹೆಗಲು ಕುಣಿಯುತ್ತಿತ್ತು. ಅತ್ತೆ ನಿಂಬೆಹಣ್ಣನ್ನು ಚಕ್ರದ ಕೆಳಗಿಡುವುದನ್ನೇ ಮರೆತು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು.

ಆಮೇಲೆ ಜೀಪು ಓಡಿತು. ಓಡಿಸಿದ್ದು ನಾನು. ರಜೆಯ ದಿನ ಮಾವನನ್ನು ಪಕ್ಕದಲ್ಲಿ, ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಮಾಧವರಂ ದಾರಿಯಲ್ಲಿ ಹೊಳೆಯವರೆಗೆ ಹೋಗಿ ಬರುತ್ತಿದ್ದೆವು. ನಾನು ಗೇರು ತಪ್ಪಾಗಿ ಹಾಕಿದರೆ ಮಾವ ದನಿಯಲ್ಲೇ ಹಿಡಿಯುತ್ತಿದ್ದರು, ಅತ್ತೆ ಹಿಂದಿನಿಂದ ಆಗದ ತಪ್ಪುಗಳನ್ನೂ ಹಿಡಿಯುತ್ತಿದ್ದರು. ಹತ್ತಿ ಗಾಡಿಗಳು ಎದುರಾದರೆ ದೂರದಲ್ಲೇ ನಿಲ್ಲಿಸಿ, ಎಂಜಿನ್ನು ಆರಿಸಿ, ಅವು ದಾಟುವವರೆಗೂ ಕಾಯುತ್ತಿದ್ದೆವು. ಮಾವನ ಕಣ್ಣಿನಲ್ಲಿ ಹಗಲು ರಾತ್ರಿಯ ವ್ಯತ್ಯಾಸ ಮಾತ್ರ ಉಳಿದಿತ್ತು. ಕ್ರೋಮ್ ಬುಡದಲ್ಲಿ ಬಿರಿದು ಸಿಪ್ಪೆ ಏಳತೊಡಗಿತು. ಅದನ್ನು ನಾವ್ಯಾರೂ ಅವರಿಗೆ ಹೇಳಲಿಲ್ಲ. ಅವರ ಬೆರಳಿಗೆ ಅದು ತಿಳಿಯದೆ ಇದ್ದೀತೇ?

ಒಂದು ಚಳಿಗಾಲ ಜ್ವರ ಬಂತು. ಎದೆಗೆ ಇಳಿಯಿತು. ಮಾವ ಹೋದರು. ಜೀಪನ್ನು ಅತ್ತೆ ಹಾಲಹರವಿ ಕಡೆಯ, ಕುರಿ ಸಾಕುವ ತಮ್ಮ ತಮ್ಮನಿಗೆ ಕೊಟ್ಟರು. ಬಾಗಿಲ ಮುಂದೆ ನಿಂತಿದ್ದರೆ ದಿನಾ ಅದನ್ನೇ ನೋಡಬೇಕಾಗುತ್ತದೆ, ಓಡಾಡಿಕೊಂಡಿರಲಿ ಎಂದರು. ತಗಡುಗಳ ನಡುವಿನ ಆ ಜಾಗದಲ್ಲಿ ಈಗ ಬರೀ ಬಿಸಿಲು ಇಳಿದು ಹೋಗುತ್ತದೆ.

ಲಾರಿಯ ಬಳಿ ಆ ವಾಸನೆ ಬಂದ ದಿನ ಸಂಜೆ ಅತ್ತೆಯ ಮನೆಗೆ ಹೋದೆ. ಮಾವನ ವಿಷಯ ನಾವು ಅಪರೂಪಕ್ಕೆ ಮಾತಾಡುತ್ತೇವೆ. ಆ ದಿನ ಅತ್ತೆಯೇ ತೆಗೆದರು. ರೊಟ್ಟಿ ತಟ್ಟುತ್ತಿದ್ದರು, ಕೈ ನಿಲ್ಲಿಸಲಿಲ್ಲ.

"ಪಾಪಾ, ಒಂದ್ ಮಾತು ಕೇಳ್ತೀನಿ. ಅವತ್ತ ಆ ಕೆಂಪು ಸೀರಿ... ಅವ್ರಿಗೆ ಕಂಡಿರಲಿಲ್ಲ ಅಂತೀಯೇನು?"

"ಕಂಡಿದ್ದರೆ ಹೇಳುತ್ತಿದ್ದರಲ್ಲ, ಅತ್ತೆ."

"ಹಂಗಂತ ನಾನೂ ಅಂದುಕೊಂಡಿದ್ದೆ. ಈಗ್ಯಾಕೋ ಅನಸ್ತೈತಿ. ದಿನಾ ಸೀರಿ ಬದಲಿಸಿ ಬಂದು ನಿಲ್ತಿದ್ದೆ, ಅವ್ರು ತಪ್ಪು ಹೇಳಿದ್ರೂ ಹೌದು ಅಂತಿದ್ದೆ. ಅದು ಅವ್ರಿಗೆ ಗೊತ್ತಿತ್ತೇನೋ. ಈಕಿ ಇನ್ನ ಎಷ್ಟ ದಿನ ಹಿಂಗ ನಿಲ್ಲಬೇಕು, ಸಾಕು ಅಂತ... ಕೆಂಪು ಕಂಡೂ ಕಾಣದಂಗ ಮಾಡಿದ್ರೇನೋ."

ನಾನು ಮನೆಗೆ ಬಂದು ಆ ವರ್ಷದ ದಿನಚರಿ ತೆಗೆದೆ. ಆ ದಿನದ ಮೊದಲ ಕಾಲಮ್ಮಿನಲ್ಲಿ ಕೆಂಪು ಎಂದಿದೆ. ಎರಡನೆಯದರಲ್ಲಿ ಬಿಸಿಲು ಎಂದಿದೆ. ಅಷ್ಟರಿಂದ ಏನೂ ತೀರ್ಮಾನವಾಗುವುದಿಲ್ಲ. ಆ ಗಳಿಗೆಯಲ್ಲಿ ಅತ್ತೆಯೂ ನಾನೂ ನೋಡುತ್ತಿದ್ದುದು ಮಾವನ ಮುಖವನ್ನು. ಮಾವ ಏನನ್ನು ನೋಡುತ್ತಿದ್ದರೋ, ಅದನ್ನು ಹೇಳಬಲ್ಲವರು ಅವರೊಬ್ಬರೇ ಇದ್ದರು.